ಒಗರಿಗೊಂದು ಜೊತೆ

ಗೇರುಹಣ್ಣನ್ನು ಉಪ್ಪು ಹಚ್ಚದೆ ಕಚ್ಚಿದವರಿಗೆ ಬರೋಲೊ ವೈನಿನ ಮೊದಲ ಗುಟುಕು ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ. ನಾಲಗೆ ಬಿಸಿಲಿಗೆ ಹಾಕಿದ ಬಟ್ಟೆಯ ಹಾಗೆ ಒಣಗುತ್ತದೆ, ತುಟಿಯ ಒಳಮೈ ಹಲ್ಲಿಗೆ ಅಂಟುತ್ತದೆ, ಗಂಟಲು ಹಿಡಿದುಕೊಳ್ಳುತ್ತದೆ. ಇಟಲಿಯ ವಾಯವ್ಯ ಮೂಲೆಯ ಆಲ್ಬಾ ಪಟ್ಟಣದಲ್ಲಿ, ಒಂದು ಅಕ್ಟೋಬರ್ ಸಂಜೆ, ನಾನು ಮಾಡಿದ ತಪ್ಪು ಇಷ್ಟೇ: ವೈನ್ ಮೊದಲು ಬಂತು, ಊಟ ತಡವಾಯಿತು, ಕಾಯದೆ ಕುಡಿದೆ. ಬಡಿಸುತ್ತಿದ್ದ ಹಿರಿಯ ಹೆಂಗಸು ನನ್ನ ಮುಖ ನೋಡಿದರು. ಒಂದು ಮಾತೂ ಆಡದೆ ಗ್ಲಾಸನ್ನು ಅತ್ತ ಸರಿಸಿ, ಬ್ರೆಡ್ಡಿನ ಬುಟ್ಟಿಯನ್ನು ಇತ್ತ ತಂದರು. ಮಕ್ಕಳ ಕೈಯಿಂದ ಕತ್ತರಿ ಕಸಿದುಕೊಳ್ಳುವ ಧಾಟಿಯಲ್ಲಿ.

ಇಪ್ಪತ್ತು ನಿಮಿಷದ ಮೇಲೆ ಬ್ರಾಸಾತೊ ಬಂತು. ದನದ ಮಾಂಸದ ದೊಡ್ಡ ತುಂಡನ್ನು ಈರುಳ್ಳಿ, ಕ್ಯಾರೆಟ್, ಲವಂಗ, ಚಕ್ಕೆಯ ಜೊತೆ ಅದೇ ಬರೋಲೊ ವೈನಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಮರುದಿನ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದ್ದು. ಎರಡು ತುತ್ತು ಒಳಗೆ ಹೋದ ಮೇಲೆ ಗ್ಲಾಸು ತಾನಾಗಿ ಕೈಗೆ ಬಂತು. ಈಗ ಅದರಲ್ಲಿ ಒಣ ಗುಲಾಬಿಯ ವಾಸನೆಯಿತ್ತು, ಚೆರಿ ಹಣ್ಣಿತ್ತು, ಎಲ್ಲೋ ಹಿಂದೆ ಡಾಂಬರಿನದೂ ಒಂದು ಎಳೆಯಿತ್ತು. ಒಗರು ಎಲ್ಲಿಗೆ ಹೋಯಿತು?

ಎಲ್ಲಿಗೂ ಹೋಗಿರಲಿಲ್ಲ. ನನ್ನ ಬಾಯಿಯನ್ನು ಬಿಟ್ಟು ಮಾಂಸವನ್ನು ಹಿಡಿದಿತ್ತು.

ವೈನಿನ ಬಗ್ಗೆ ನಮ್ಮ ಕೈಗೆ ಸಿಗುವ ಬರಹವೆಲ್ಲ ಹೆಚ್ಚುಕಡಿಮೆ ಇಂಗ್ಲಿಷಿನಲ್ಲಿರುತ್ತದೆ. ಆ ಭಾಷೆಗೆ ಈ ಒಂದು ರುಚಿಗೆ ಮನೆಮಾತಿನಲ್ಲಿ ಸರಿಯಾದ ಪದವೇ ಇಲ್ಲ. ಒಣ ಎನ್ನುತ್ತಾರೆ, ಹಿಡಿತ ಎನ್ನುತ್ತಾರೆ, ಬಿಗಿ ಎನ್ನುತ್ತಾರೆ. ನಮಗೋ ಷಡ್ರಸದಲ್ಲಿ ಅದಕ್ಕೊಂದು ಖಾಯಂ ಪೀಠವೇ ಇದೆ. ಬಾಳೆಕಾಯಿ ಹೆಚ್ಚುವ ಕೈ, ಎಳೆ ಅಡಿಕೆ ಜಗಿದ ಬಾಯಿ, ನೇರಳೆಹಣ್ಣು ತಿಂದು ನೀಲಿಯಾದ ನಾಲಗೆ, ನೆಲ್ಲಿಕಾಯಿಯ ಮೊದಲ ಕಚ್ಚು, ಎಲ್ಲವೂ ಒಗರು. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಆ ಕೆಂಪು ರಸಕ್ಕೆ ಚೊಗರು ಎಂದೇ ಹೆಸರು. ಇಟಲಿಯ ಕೆಂಪು ವೈನನ್ನು ಊಟದ ಜೊತೆ ಹೊಂದಿಸುವ ಇಡೀ ವಿದ್ಯೆ ಈ ಒಂದು ರುಚಿಯ ಸುತ್ತ ತಿರುಗುತ್ತದೆ ಎಂಬುದು ನನ್ನ ಎಣಿಕೆ. ಅದಕ್ಕೆ ಹುಳಿಯೊಂದು ಜೊತೆಗಾರ. ಉಳಿದ ಹಣ್ಣು, ಹೂವು, ತೊಗಲು, ತಂಬಾಕಿನ ವರ್ಣನೆಗಳನ್ನು ಬಾಟಲಿಯ ಹಿಂದಿನ ಚೀಟಿಗೆ ಬಿಡಬಹುದು.

ಒಗರಿಗೆ ಕಾರಣ ಟ್ಯಾನಿನ್. ದ್ರಾಕ್ಷಿಯ ಸಿಪ್ಪೆಯಲ್ಲಿ, ಬೀಜದಲ್ಲಿ, ಗೊಂಚಲಿನ ತೊಟ್ಟಿನಲ್ಲಿ ಅದು ಇರುತ್ತದೆ. ಬಿಳಿ ವೈನಿಗೆ ರಸ ಹಿಂಡಿ ಸಿಪ್ಪೆಯನ್ನು ಎಸೆಯುತ್ತಾರೆ. ಕೆಂಪಿಗೆ ಸಿಪ್ಪೆಯ ಜೊತೆಯೇ ಹುದುಗಿಸುತ್ತಾರೆ, ಆದ್ದರಿಂದ ಬಣ್ಣದ ಜೊತೆ ಒಗರೂ ಇಳಿಯುತ್ತದೆ. ಓಕ್ ಮರದ ಪೀಪಾಯಿಯಿಂದಲೂ ಸ್ವಲ್ಪ ಸೇರುತ್ತದೆ. ಚರ್ಮ ಹದ ಮಾಡುವ ಕೆಲಸದಿಂದಲೇ ಟ್ಯಾನಿನ್ ಎಂಬ ಹೆಸರು ಬಂದದ್ದು. ನಮ್ಮಲ್ಲಿ ತಂಗಡಿ ಗಿಡದ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದದ್ದೂ ಅದರಲ್ಲಿನ ಟ್ಯಾನಿನ್ನಿಗಾಗಿಯೇ. ತೊಗಲಿನ ಪ್ರೋಟೀನನ್ನು ಹಿಡಿದು ಬಿಗಿ ಮಾಡುವುದು ಅದರ ಗುಣ. ಬಾಯಿಗೆ ಬಂದರೆ ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿಯುತ್ತದೆ. ಜೊಲ್ಲಿನ ಜಾರುತನ ಹೋಗುತ್ತದೆ, ನಾಲಗೆ ಅಂಗುಳಕ್ಕೆ ಉಜ್ಜುತ್ತದೆ. ಒಗರೆಂದರೆ ಆ ಉಜ್ಜಾಟ. ಉಪ್ಪು, ಸಿಹಿಯ ಹಾಗೆ ನಾಲಗೆಯ ಮೊಗ್ಗು ಹಿಡಿಯುವ ರುಚಿಗಿಂತ ಚರ್ಮಕ್ಕೆ ಗೊತ್ತಾಗುವ ಸ್ಪರ್ಶವೇ ಅದರಲ್ಲಿ ಹೆಚ್ಚು.

ಬಾಯಲ್ಲಿ ಮಾಂಸವೋ ಚೀಸೋ ಇದ್ದರೆ ಟ್ಯಾನಿನ್ನಿಗೆ ಹಿಡಿಯಲು ಬೇರೆ ಪ್ರೋಟೀನ್ ಸಿಕ್ಕಿತು. ಕೊಬ್ಬು ನಾಲಗೆಗೆ ಜಿಡ್ಡು ಬಳಿಯುತ್ತದೆ, ಉಜ್ಜಾಟ ತಗ್ಗುತ್ತದೆ. ತಿರುಗಿ ವೈನ್ ಆ ಜಿಡ್ಡನ್ನು ಬಳಿದು ತೆಗೆದು ಮುಂದಿನ ತುತ್ತಿಗೆ ಬಾಯಿ ಖಾಲಿ ಮಾಡಿಕೊಡುತ್ತದೆ. ಇದು ದೊಡ್ಡ ರಹಸ್ಯವೇನಲ್ಲ. ಕಡು ಚಹಾಕ್ಕೆ ಹಾಲು ಹಾಕುವ ಪ್ರತಿಯೊಬ್ಬರೂ ದಿನಕ್ಕೆ ಎರಡು ಸಲ ಮಾಡುವ ಕೆಲಸ ಇದೇ: ಚಹಾದ ಟ್ಯಾನಿನ್ನನ್ನು ಹಾಲಿನ ಕೇಸಿನ್ ಹಿಡಿಯುತ್ತದೆ, ಒಗರು ಇಳಿಯುತ್ತದೆ.

ಇನ್ನು ಉಪ್ಪು. ಇದನ್ನು ಹೊನ್ನಾವರದ ಕಡೆಯ ನನ್ನ ದೊಡ್ಡಮ್ಮನಿಗೆ ಫೋನಿನಲ್ಲಿ ವಿವರಿಸಲು ಹೋಗಿ ಪೆಚ್ಚಾದೆ. ಆಲ್ಬಾದಲ್ಲಿ ಹೀಗೆ ಹೀಗಾಯಿತು, ಊಟದಲ್ಲಿ ಉಪ್ಪು ಇದ್ದರೆ ಒಗರೂ ಕಹಿಯೂ ಮೆತ್ತಗಾಗುತ್ತವಂತೆ ಎಂದೆ. “ಒಗರಾದ್ರೆ ಉಪ್ಪು ಹಚ್ಚೂದು ಮಾರಾಯ. ಅದನ್ನ ತಿಳ್ಕೊಳ್ಳೂಕೆ ಅಷ್ಟು ದೂರ ಹೋಗ್ಬೇಕಿತ್ತಾ?” ಎಂದರು.

ಆಲ್ಬಾ ಇರುವ ಲಾಂಗೆ ಗುಡ್ಡಗಳ ಸೀಮೆಯನ್ನು ಯುನೆಸ್ಕೊ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬರೋಲೊ ಮಾಡುವ ನೆಬ್ಬಿಯೊಲೊ ದ್ರಾಕ್ಷಿ ತಡವಾಗಿ ಹಣ್ಣಾಗುತ್ತದೆ. ಅಕ್ಟೋಬರಿನಲ್ಲಿ ಕಣಿವೆ ತುಂಬ ಮಂಜು ಕವಿದಿರುವಾಗ ಕೊಯ್ಲು. ಮಂಜಿಗೆ ಇಟಾಲಿಯನ್ನಿನಲ್ಲಿ ನೆಬ್ಬಿಯಾ. ದ್ರಾಕ್ಷಿಗೆ ಹೆಸರು ಬಂದದ್ದು ಅದರಿಂದ ಎನ್ನುತ್ತಾರೆ. ಈ ವೈನನ್ನು ಕನಿಷ್ಠ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ, ಇಡದೆ ಮಾರುವಂತಿಲ್ಲವೆಂದು ಕಾನೂನಿದೆ. ಕಾಲ ಕಳೆದಂತೆ ಟ್ಯಾನಿನ್ನಿನ ಕಣಗಳು ಒಂದಕ್ಕೊಂದು ಕೂಡಿಕೊಂಡು ಒಗರು ಮೆದುವಾಗುತ್ತದೆ, ಒಂದಷ್ಟು ಗಸಿಯಾಗಿ ತಳ ಸೇರುತ್ತದೆ. ಹಳೆಯ ಬಾಟಲಿಯ ಕೊನೆಯ ಎರಡು ಗುಟುಕನ್ನು ಬಿಟ್ಟುಬಿಡುವುದು ಅದಕ್ಕೇ.

ಬಣ್ಣ ನೋಡಿ ಮೋಸಹೋಗಬಾರದೆಂಬುದಕ್ಕೂ ನೆಬ್ಬಿಯೊಲೊ ಒಳ್ಳೆಯ ಪಾಠ. ಗ್ಲಾಸಿನಲ್ಲಿ ಅದು ತೆಳುವಾಗಿ, ಆಚೆಯ ಕೈಬೆರಳು ಕಾಣುವ ಹಾಗೆ ಇರುತ್ತದೆ, ಒಗರು ಮಾತ್ರ ಬಲ. ಅದೇ ಗುಡ್ಡಗಳ ದೊಲ್ಚೆತ್ತೊ ಕಪ್ಪು ನೇರಳೆ ಬಣ್ಣದ್ದು, ಒಗರು ಅದಕ್ಕಿಂತ ಸೌಮ್ಯ. ಬಾರ್ಬೆರಾ ಅಂತೂ ಬಣ್ಣದಲ್ಲಿ ಗಾಢ, ಹುಳಿಯಲ್ಲಿ ಜೋರು, ಒಗರಿನಲ್ಲಿ ನಾಚಿಕೆ ಸ್ವಭಾವದ್ದು. ಊರಿನವರು ವಾರದ ದಿನಗಳಲ್ಲಿ ಕುಡಿಯುವುದು ಈ ಎರಡನ್ನು. ಬರೋಲೊ ಹಬ್ಬಕ್ಕೆ, ಇಲ್ಲವೇ ನಮ್ಮಂಥ ಪ್ರವಾಸಿಗಳಿಗೆ. ಚಳಿಗಾಲದಲ್ಲಿ ಬಾನ್ಯಾ ಕೌದಾ ಎಂಬ ಬಿಸಿ ಅದ್ದುಗೆ ಮಾಡುತ್ತಾರೆ: ಎಣ್ಣೆಯಲ್ಲಿ ಬೆಳ್ಳುಳ್ಳಿಯನ್ನೂ ಉಪ್ಪುಹಾಕಿದ ಆಂಚೊವಿ ಮೀನನ್ನೂ ಕರಗಿಸಿ ಮಧ್ಯಕ್ಕಿಟ್ಟು, ಸುತ್ತ ಕೂತವರು ತರಕಾರಿ ಅದ್ದಿಕೊಂಡು ತಿನ್ನುವುದು. ಅಷ್ಟು ಎಣ್ಣೆ, ಅಷ್ಟು ಉಪ್ಪು, ಅಷ್ಟು ಬೆಳ್ಳುಳ್ಳಿಗೆ ಎದುರು ನಿಲ್ಲುವುದು ಬಾರ್ಬೆರಾದ ಹುಳಿ. ಅಲ್ಲಿ ಬರೋಲೊ ತಂದಿಟ್ಟರೆ ಎರಡಕ್ಕೂ ಅವಮಾನ.

ಅದೇ ಊರಿನ ತಾಯರಿನ್ ಎಂಬ ಎಳೆ ಸಣ್ಣ ಪಾಸ್ತಾದ ಹಿಟ್ಟಿಗೆ ಮೊಟ್ಟೆಯ ಹಳದಿಯನ್ನು ಕೈಬಿಚ್ಚಿ ಸುರಿಯುತ್ತಾರೆ, ಬೆಣ್ಣೆಯಲ್ಲಿ ಹೊರಳಿಸಿ ಮೇಲೆ ಬಿಳಿ ಟ್ರಫಲ್ ಅಣಬೆಯನ್ನು ಹಸಿಯಾಗಿಯೇ ಹೆರೆಯುತ್ತಾರೆ. ಮಾಂಸ ತಿನ್ನದವರಿಗೆ ಹಳೆಯ ನೆಬ್ಬಿಯೊಲೊ ಏಕೆ ಬೇಕು ಎಂಬುದಕ್ಕೆ ಉತ್ತರ ಈ ತಟ್ಟೆಯಲ್ಲಿದೆ. ಮೊಟ್ಟೆಯನ್ನೂ ಬಿಟ್ಟವರಿಗೆ ಬೆಣ್ಣೆ ಹಾಕಿ ಮಾಡಿದ ಅಣಬೆಯ ರಿಸೊತ್ತೊ ಎಂಬ ಮೆತ್ತನೆಯ ಅನ್ನ ಇದೆ. ಆದರೆ ಕಟ್ಟುನಿಟ್ಟಾದ ಸಸ್ಯಾಹಾರಿಗಳು ಎರಡು ವಿಷಯ ತಿಳಿದಿರಬೇಕು. ರಿಸೊತ್ತೊಗೆ ಸೇರಿಸುವ ಪಾರ್ಮಿಜಾನೊ ರೆಜ್ಜಿಯಾನೊ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯ ರೆನ್ನೆಟ್ಟಿನಿಂದ. ಕೆಂಪು ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿಭಾಗ ಬಳಸುವ ರೂಢಿಯೂ ಹಳೆಯದು.

ವೈನನ್ನು ಬರಿದೇ ಕುಡಿದು ನೋಡಿ, ಹುಳಿ ಜಾಸ್ತಿ, ಒಗರು ಜಾಸ್ತಿ ಎಂದು ಅಂಕ ಹಾಕುವುದೆಂದರೆ ಉಪ್ಪಿನಕಾಯಿಯನ್ನು ಚಮಚದಲ್ಲಿ ತಿಂದು ಉಪ್ಪು ಹೆಚ್ಚಾಯಿತೆಂದ ಹಾಗೆ. ಇಟಲಿಯಲ್ಲಿ ವೈನ್ ಬಹಳ ಕಾಲ ಊಟದ ಒಂದು ಪದಾರ್ಥವಾಗಿಯೇ ಇತ್ತು. 1970ರ ಸುಮಾರಿಗೆ ತಲಾ ವರ್ಷಕ್ಕೆ 100 ಲೀಟರಿಗೂ ಹೆಚ್ಚು ಕುಡಿಯುತ್ತಿದ್ದ ದೇಶ ಅದು; ಹೊಲದಲ್ಲಿ ಕೆಲಸ ಮಾಡುವವನಿಗೆ ಬ್ರೆಡ್ಡಿನಂತೆ ವೈನೂ ಹೊಟ್ಟೆಗೆ ಹಾಕಿಕೊಳ್ಳುವ ವಸ್ತು. ಈಗ ಆ ಲೆಕ್ಕ 40 ಲೀಟರಿನ ಆಸುಪಾಸಿಗೆ ಇಳಿದಿದೆ. ಕುಡಿಯುವುದು ಕಡಿಮೆಯಾಗಿದೆ, ಮಾತಾಡುವುದು ಹೆಚ್ಚಾಗಿದೆ. ನಾನೂ ಈಗ ಮಾಡುತ್ತಿರುವುದು ಅದನ್ನೇ.

ಒಗರಿನ ಕಥೆ ಆಲ್ಬಾ ಇರುವ ಪೀಡ್‌ಮಾಂಟ್ ಪ್ರಾಂತದ್ದಾದರೆ ಹುಳಿಯ ಕಥೆ ತಸ್ಕನಿಯದು. ಅಲ್ಲಿಯ ದೊರೆ ಮೂರನೆಯ ಕೊಸಿಮೊ ದೆ ಮೆದಿಚಿ 1716ರಲ್ಲಿ ಒಂದು ಫರ್ಮಾನು ಹೊರಡಿಸಿ, ಕಿಯಾಂಟಿ ಸೇರಿ ನಾಲ್ಕು ವೈನ್ ಸೀಮೆಗಳಿಗೆ ಗಡಿ ಗುರುತಿಸಿದ. ಇಂತಿಂಥ ಗುಡ್ಡದಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು ಎಂಬ ಕಟ್ಟಳೆಗಳಲ್ಲಿ ತೀರಾ ಹಳೆಯದು ಇದು. ಅದಾಗಿ ಒಂದೂವರೆ ಶತಮಾನದ ಮೇಲೆ, 1872ರಲ್ಲಿ, ಬೆತ್ತಿನೊ ರಿಕಾಸೊಲಿ ಎಂಬ ಜಮೀನ್ದಾರ ಪ್ರಯೋಗಗಳ ನಂತರ ಒಂದು ಪಾಕ ಬರೆದಿಟ್ಟ. ಸಾಂಜೊವೇಸೆ ದ್ರಾಕ್ಷಿ ಮುಖ್ಯ. ಅದರ ಗಡಸು ತಗ್ಗಿಸಲು ಸ್ವಲ್ಪ ಕನಯೋಲೊ. ದಿನಬಳಕೆಗೆ ಬೇಗ ಕುಡಿಯುವ ವೈನಾದರೆ ಹಗುರ ಮಾಡಲು ಮಲ್ವಾಸಿಯಾ ಎಂಬ ಬಿಳಿ ದ್ರಾಕ್ಷಿ. ಇಟ್ಟು ಹಳೆಯದು ಮಾಡುವ ವೈನಿಗೆ ಬಿಳಿ ದ್ರಾಕ್ಷಿ ಬೇಡ ಎಂಬುದೂ ಅವನ ಅಭಿಪ್ರಾಯವಾಗಿತ್ತು. ಈತ ಇಟಲಿಯ ಎರಡನೆಯ ಪ್ರಧಾನಮಂತ್ರಿ. ಮೊದಲನೆಯವನಾದ ಕಾವೂರ್ ಬರೋಲೊ ಸೀಮೆಯ ಗ್ರಿನ್ಜಾನೆ ಹಳ್ಳಿಯ ಮೇಯರ್ ಆಗಿದ್ದವನು, ಅಲ್ಲೇ ದ್ರಾಕ್ಷಿತೋಟ ಮಾಡಿಸಿದವನು. ಒಂದು ದೇಶದ ಮೊದಲ ಇಬ್ಬರು ಪ್ರಧಾನಿಗಳಿಗೂ ದ್ರಾಕ್ಷಿಯ ಕಾಯಕ ಗೊತ್ತಿತ್ತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ರಿಕಾಸೊಲಿಯ ಮಾತಿನ ಅರ್ಧವನ್ನಷ್ಟೇ 1967ರ ಕಿಯಾಂಟಿ ಕಾನೂನು ಹಿಡಿದುಕೊಂಡಿತು. ಶೇಕಡ 10ರಿಂದ 30ರವರೆಗೆ ಬಿಳಿ ದ್ರಾಕ್ಷಿ ಕಡ್ಡಾಯವಾಯಿತು, ವೈನ್ ನೀರಾಯಿತು. ಹುಲ್ಲು ಹೆಣೆದ ಬುರುಡೆ ಬಾಟಲಿಗಳಲ್ಲಿ ಜಗತ್ತಿನ ಪಿಟ್ಸಾ ಅಂಗಡಿಗಳಿಗೆಲ್ಲ ಹೋಯಿತು, ಖಾಲಿಯಾದ ಮೇಲೆ ಮೇಣದಬತ್ತಿಯ ಸ್ಟ್ಯಾಂಡಾಯಿತು. ಕೆಲವು ಮನೆತನಗಳು ಕಾನೂನನ್ನು ಬದಿಗಿಟ್ಟು ತಮಗೆ ತೋಚಿದ ವೈನ್ ಮಾಡಿದವು. 1968ರ ಸಸ್ಸಿಕಾಯಾ, 1971ರ ತಿನ್ಯಾನೆಲ್ಲೊ ಹಾಗೆ ಬಂದವು. ಆಗಿನ ಕಾನೂನಿನ ಪ್ರಕಾರ ಅವು ಅತಿ ಕೆಳದರ್ಜೆಯ ಊಟದ ಮೇಜಿನ ವೈನ್ ಆಗಿದ್ದವು, ಬೆಲೆಯಲ್ಲಿ ಅತಿ ಮೇಲಿನವು. ವಿಚಿತ್ರವೆಂದರೆ ಊಟದ ಮೇಜಿನ ಮೇಲೆ ಇವು ನನಗೆ ಅಷ್ಟು ರುಚಿಸಿಲ್ಲ. ಊಟದ ಜೊತೆ ಮಾತಾಡುವುದಕ್ಕಿಂತ ತಮ್ಮನ್ನೇ ಕೇಳಿಸಿಕೊಳ್ಳಿ ಎನ್ನುವ ಗತ್ತು ಅವಕ್ಕಿದೆ. ಬಡಪಾಯಿ ಕಿಯಾಂಟಿ ಕ್ಲಾಸಿಕೊ ಒಳ್ಳೆಯ ಪಂಕ್ತಿಗೆಳೆಯ. 2006ರ ಕೊಯ್ಲಿನಿಂದ ಅದರಲ್ಲಿ ಬಿಳಿ ದ್ರಾಕ್ಷಿಗೆ ಪೂರ್ತಿ ನಿಷೇಧ, ಸಾಂಜೊವೇಸೆ ಕನಿಷ್ಠ ಶೇಕಡ 80. ಬಾಟಲಿಯ ಕುತ್ತಿಗೆಯ ಮೇಲಿನ ಕಪ್ಪು ಹುಂಜ ಅದರ ಗುರುತು.

ಹುಳಿಯ ನಿಯಮ ಸರಳ. ವೈನಿನ ಹುಳಿ ಊಟದ ಹುಳಿಗೆ ಸಮ ಇರಬೇಕು, ಇಲ್ಲವೇ ಒಂದು ಕೈ ಮೇಲಿರಬೇಕು. ಮೈಸೂರು ಪಾಕ್ ತಿಂದು ಕುಡಿದ ಕಾಫಿ ಕಹಿಯಾಗುತ್ತದಲ್ಲ, ಹಾಗೆ ಹುಳಿ ಊಟದ ಮುಂದೆ ಮಂದ ವೈನ್ ಚಪ್ಪೆಯಾಗುತ್ತದೆ. ಟೊಮೆಟೊ ಸಾಸಿನ ಪಾಸ್ತಾಕ್ಕೆ ಸಾಂಜೊವೇಸೆ ಸರಿಹೋಗುವುದು ಈ ಕಾರಣಕ್ಕೆ. ಒಂದೇ ಮಣ್ಣಿನಲ್ಲಿ ಬೆಳೆದ ಬೆಳೆ ಮತ್ತು ವೈನ್ ಜೊತೆಜೊತೆಯಾಗಿ ಹುಟ್ಟಿದವು ಎಂದು ಪ್ರವಾಸಿ ಪುಸ್ತಿಕೆಗಳು ಹೇಳುವುದನ್ನು ಮಾತ್ರ ಪೂರ್ತಿ ನಂಬಬೇಡಿ. ಟೊಮೆಟೊ ಅಮೆರಿಕ ಖಂಡದಿಂದ ಬಂದ ಹೊಸಬ. ನೇಪಲ್ಸಿನಲ್ಲಿ ಅಂತೋನಿಯೊ ಲತೀನಿ 1690ರ ದಶಕದಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕದಲ್ಲಿ ಟೊಮೆಟೊ ಸಾಸ್ ಕಾಣಿಸಿಕೊಳ್ಳುತ್ತದೆ, ಅದೂ ‘ಸ್ಪೇನಿನ ಬಗೆಯದು’ ಎಂಬ ಹಣೆಪಟ್ಟಿಯೊಂದಿಗೆ. ಪಾಸ್ತಾದ ಜೊತೆ ಅದು ಮನೆಮಾತಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕೊಸಿಮೊ ಕಿಯಾಂಟಿಗೆ ಗಡಿ ಹಾಕುವಾಗ ಅವನ ಪ್ರಜೆಗಳ ತಟ್ಟೆಯಲ್ಲಿ ಟೊಮೆಟೊ ದಿನದ ಪದಾರ್ಥವಾಗಿರಲಿಲ್ಲ. ವೈನು ಮೊದಲಿತ್ತು, ಟೊಮೆಟೊ ಆಮೇಲೆ ಬಂದು ಹೊಂದಿಕೊಂಡಿತು. ನಮ್ಮ ಸಾರಿಗೆ ಅದು ಹುಣಸೆಯ ಪಕ್ಕ ಬಂದು ಕೂತ ಹಾಗೆ.

ತಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಮೊದಲ ಸಲ ತಿಂದವರು ಅಡುಗೆಯವನು ಮರೆತನೆಂದು ತಿಳಿಯುತ್ತಾರೆ. ಮೇಲಿಡುವ ಹಂದಿ ಮಾಂಸ, ಕುರಿ ಹಾಲಿನ ಚೀಸು ಉಪ್ಪುಪ್ಪಾಗಿರುವುದರಿಂದ ಲೆಕ್ಕ ಸರಿಹೋಗುತ್ತದೆ, ಆ ಉಪ್ಪು ವೈನಿನ ಒಗರನ್ನೂ ನೋಡಿಕೊಳ್ಳುತ್ತದೆ. ಫ್ಲಾರೆನ್ಸಿನ ಬಿಸ್ತೆಕ್ಕಾದ ಗುಟ್ಟೂ ಇದೇ. ಕಿಯಾನಿನಾ ತಳಿಯ ಬಿಳಿ ದನದ, ಮೂಳೆ ಸಮೇತ ಮೂರು ಬೆರಳು ದಪ್ಪ ಕೊಯ್ದ ಮಾಂಸ, ಕೆಂಡದ ಮೇಲೆ ಹೊರಗೆ ಕಪ್ಪಾಗುವಂತೆ, ಒಳಗೆ ಕೆಂಪಾಗಿ ಉಳಿಯುವಂತೆ ಸುಟ್ಟು, ಮೇಲೆ ಉಪ್ಪು. ಅಷ್ಟೇ. ಹುಚ್ಚು ದನದ ಕಾಯಿಲೆಯ ಭಯದಲ್ಲಿ ಯುರೋಪಿಯನ್ ಒಕ್ಕೂಟ 2001ರಲ್ಲಿ ಮೂಳೆ ಸಮೇತದ ಈ ಮಾಂಸವನ್ನು ನಿಷೇಧಿಸಿದಾಗ, ಪಾಂಜಾನೊ ಎಂಬ ಹಳ್ಳಿಯ ಕಟುಕ ದಾರಿಯೊ ಚೆಕ್ಕೀನಿ ಬಿಸ್ತೆಕ್ಕಾಕ್ಕೆ ಶವಯಾತ್ರೆಯನ್ನೇ ಮಾಡಿಸಿದ. ನಿಷೇಧ ತೆರವಾಗಲು ಕೆಲವು ವರ್ಷಗಳೇ ಬೇಕಾದವು.

ಎಮಿಲಿಯಾ ರೊಮಾನ್ಯಾಗೆ ಬಂದರೆ ಈ ಗಾಂಭೀರ್ಯವೆಲ್ಲ ಕಳಚಿಬೀಳುತ್ತದೆ. ಪಾರ್ಮಾದ ಹ್ಯಾಮು, ಬೊಲೊನ್ಯಾದ ಮೊರ್ತದೆಲ್ಲಾ, ಮೊದೆನಾದ ಹಂದಿಗಾಲಿನೊಳಗೆ ಮಾಂಸ ತುಂಬಿದ ಜಾಂಪೋನೆ, ಬೆಣ್ಣೆ, ಚೀಸು ಎಂದು ಜಿಡ್ಡಿನ ಮೇಲೆ ಜಿಡ್ಡು ಸುರಿಯುವ ನಾಡು ಇದು. ಇಲ್ಲಿನ ವೈನ್ ಲಾಂಬ್ರುಸ್ಕೊ. ಕೆಂಪು, ನೊರೆ ಉಕ್ಕುವಂಥದು, ತಣ್ಣಗೆ ಕುಡಿಯುವಂಥದು. 1970ರ ದಶಕದಲ್ಲಿ ಇದರ ಸಿಹಿ ರೂಪ ಅಮೆರಿಕಕ್ಕೆ ಹಡಗುಗಟ್ಟಲೆ ಹೋಗಿ, ಲಾಂಬ್ರುಸ್ಕೊ ಎಂದರೆ ಸೋಡಾ ಎಂಬ ಅಪಖ್ಯಾತಿ ಅಂಟಿಕೊಂಡಿತು. ಊರಿನವರು ಕುಡಿಯುವುದು ಸಿಹಿಯಿಲ್ಲದ್ದನ್ನು. ನೊರೆಯೂ ಹುಳಿಯೂ ಸೇರಿ ನಾಲಗೆಯ ಮೇಲಿನ ಕೊಬ್ಬನ್ನು ಉಜ್ಜಿ ತೊಳೆಯುವುದು, ಬಜ್ಜಿ ತಿಂದ ಬಾಯಿಗೆ ನಿಂಬೆ ಸೋಡಾ ಮಾಡುವ ಉಪಕಾರದಂಥದೇ. ಪಕ್ಕದ ಮಾಂಟುವಾದಲ್ಲಿ ಹಳಬರು ಬಿಸಿ ಮಾಂಸದ ಸಾರಿನ ಬಟ್ಟಲಿಗೇ ಲಾಂಬ್ರುಸ್ಕೊ ಸುರಿದುಕೊಂಡು ಕುಡಿಯುತ್ತಾರೆ. ಬಣ್ಣ ನೋಡಿದರೆ ಧೈರ್ಯ ಬೇಕು. ಇಟಲಿಯ ಕೆಂಪು ವೈನುಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಆರಿಸುವುದು ಬರೋಲೊ ಅಲ್ಲ, ಇದನ್ನು. ಬೆಲೆ ನೋಡಿ ನಗುವವರು ನಗಲಿ.

ವೆರೋನಾದ ಅಮರೋನೆ ಬಗ್ಗೆ ಒಂದೆರಡು ಮಾತು ಸಾಕು. ಕೊಯ್ದ ದ್ರಾಕ್ಷಿಯನ್ನು ಬಿದಿರಿನ ತಟ್ಟಿಗಳ ಮೇಲೆ ಮೂರು ತಿಂಗಳಿಗೂ ಮಿಕ್ಕಿ ಒಣಗಿಸಿ, ತೂಕ ಮೂರನೇ ಒಂದಂಶದಷ್ಟು ಇಳಿದ ಮೇಲೆ ಹಿಂಡುತ್ತಾರೆ. ಸಕ್ಕರೆ ಸಾಂದ್ರವಾದ್ದರಿಂದ ಮದ್ಯಾಂಶ ಶೇಕಡ 15, 16ರವರೆಗೂ ಏರುತ್ತದೆ. ಅಲ್ಲಿಯವರು ಇದನ್ನು ಹಾಕಿ ನೇರಳೆ ಬಣ್ಣದ ರಿಸೊತ್ತೊ ಮಾಡುತ್ತಾರೆ, ಕುದುರೆ ಮಾಂಸದ ಗಸಿಯ ಜೊತೆಗೂ ಕುಡಿಯುತ್ತಾರೆ. ನನಗೆ ಅದು ಊಟ ಮುಗಿದ ಮೇಲೆ ಹಳೆಯ ಚೀಸಿನ ಚೂರಿನೊಂದಿಗೆ ಹಿತ. ಊಟದ ನಡುವೆ ಬಂದರೆ ಊಟವನ್ನೇ ನುಂಗಿಬಿಡುತ್ತದೆ.

ದಕ್ಷಿಣಕ್ಕೆ ಇಳಿದಂತೆ ಬಿಸಿಲು ಏರುತ್ತದೆ, ದ್ರಾಕ್ಷಿ ಹೆಚ್ಚು ಹಣ್ಣಾಗುತ್ತದೆ. ಪುಲ್ಯಾದ ಪ್ರಿಮಿತೀವೊ ಹಣ್ಣುಹಣ್ಣಾದ ಮೃದು ವೈನು. ಕ್ಯಾಲಿಫೋರ್ನಿಯಾದವರು ತಮ್ಮದೇ ಎಂದು ಮೆರೆಸುತ್ತಿದ್ದ ಜಿನ್‌ಫಂಡೆಲ್ ದ್ರಾಕ್ಷಿಯೂ ಇದೂ ಒಂದೇ ಎಂದು, ಎರಡರ ಮೂಲವೂ ಕ್ರೊಯೇಷಿಯಾ ಎಂದು ಡಿಎನ್‌ಎ ಪರೀಕ್ಷೆ ಹೇಳಿದೆ. ಆದರೆ ದಕ್ಷಿಣದ ದೊಡ್ಡ ಕುಳ ಅಲಿಯಾನಿಕೊ. ಕಂಪಾನಿಯಾದ ತೌರಾಸಿ ಸೀಮೆಯಲ್ಲೂ ಬಸಿಲಿಕಾತಾದ ವುಲ್ತುರೆ ಎಂಬ ಆರಿದ ಜ್ವಾಲಾಮುಖಿಯ ಇಳಿಜಾರಿನಲ್ಲೂ ಬೆಳೆಯುವ ಇದಕ್ಕೆ ನೆಬ್ಬಿಯೊಲೊದಷ್ಟೇ ಒಗರು, ಅಷ್ಟೇ ಹುಳಿ. ನೇಪಲ್ಸಿನ ಭಾನುವಾರದ ರಗೂ ಇದರ ಜೊತೆ. ಮಾಂಸದ ತುಂಡುಗಳನ್ನು ಟೊಮೆಟೊದಲ್ಲಿ ಬೆಳಗಿನಿಂದ ಬೇಯಿಸುತ್ತಾರೆ. ಉರಿ ಎಷ್ಟು ಸಣ್ಣದೆಂದರೆ ಕೊತಕೊತ ಕುದಿಯಬಾರದು. ಆಗೊಮ್ಮೆ ಈಗೊಮ್ಮೆ ಪುಳಕ್ಕೆಂದು ಒಂದು ಗುಳ್ಳೆ ಏಳಬೇಕು. ಆ ಸದ್ದಿಗೆಂದೇ ಅವರ ಮಾತಿನಲ್ಲಿ ಪಿಪ್ಪಿಯಾರೆ ಎಂಬ ಕ್ರಿಯಾಪದವಿದೆ. ಅದೇ ನೇಪಲ್ಸಿನವರು ಪಿಟ್ಸಾಕ್ಕೆ ಮಾತ್ರ ಬಿಯರ್ ಕೇಳುತ್ತಾರೆ, ಇಲ್ಲವೇ ಪಾಸ್ತಾಕ್ಕೂ ಹೆಸರಾದ ಗ್ರಾನ್ಯಾನೊ ಊರಿನ ತಣ್ಣನೆಯ ನೊರೆ ಕೆಂಪು ವೈನು. ಪಿಟ್ಸಾದ ಮುಂದೆ ದುಬಾರಿ ಬಾಟಲಿ ತೆರೆದರೆ ಪಕ್ಕದ ಮೇಜಿನವರು ತಿರುಗಿ ನೋಡುತ್ತಾರೆ.

ಮೀನಿಗೆ ಕೆಂಪು ವೈನ್ ಕೂಡದೆಂಬ ಮಾತನ್ನು ಎಲ್ಲರೂ ಕೇಳಿದ್ದಾರೆ. ಅದರ ಹಿಂದೆ ನಿಜವಿದೆ. ಜಪಾನಿನ ಸಂಶೋಧಕರು 2009ರಲ್ಲಿ ಹತ್ತಾರು ವೈನುಗಳನ್ನು ಸ್ಕಾಲಪ್ ಚಿಪ್ಪಿನ ಮಾಂಸದೊಂದಿಗೆ ರುಚಿ ನೋಡಿಸಿ, ಬಾಯಲ್ಲಿ ಉಳಿಯುವ ಹೊಲಸು ಮೀನಿನ ವಾಸನೆಗೆ ವೈನಿನ ಕಬ್ಬಿಣಾಂಶ ಕಾರಣವೆಂದು ತೋರಿಸಿದರು. ಕಬ್ಬಿಣ ಕಡಿಮೆಯಿದ್ದ ಕೆಂಪು ವೈನುಗಳಿಗೆ ಆ ದೋಷವಿರಲಿಲ್ಲ. ಲಿವೋರ್ನೊ ಬಂದರಿನ ಬೆಸ್ತರು ಪ್ರಯೋಗಾಲಯಕ್ಕೆ ಕಾಯಲಿಲ್ಲ. ಬಲೆಗೆ ಬಿದ್ದ ನಾಲ್ಕಾರು ಬಗೆಯ ಮೀನು, ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸು ಹಾಕಿ ಕೆಂಪು ವೈನನ್ನೇ ಸುರಿದು ಕಾಚ್ಚುಕ್ಕೊ ಎಂಬ ಮೀನು ಸಾರು ಮಾಡುತ್ತಾರೆ, ಜೊತೆಗೂ ಕೆಂಪನ್ನೇ ಕುಡಿಯುತ್ತಾರೆ. ಸಿಸಿಲಿಯ ಎತ್ನಾ ಜ್ವಾಲಾಮುಖಿಯ ಮೇಲೆ ಬೆಳೆದ ನೆರೆಲ್ಲೊ ಮಸ್ಕಲೇಸೆಯ ತೆಳು ಕೆಂಪು ವೈನ್ ಕೆಂಡದ ಮೇಲೆ ಸುಟ್ಟ ಟ್ಯೂನಾ ಮೀನಿಗೆ ಚೆನ್ನಾಗಿ ಹೊಂದುತ್ತದೆ.

ಇಷ್ಟಾದ ಮೇಲೆ ನಮ್ಮ ತಕರಾರು: ಖಾರ. ಮೆಣಸಿನಕಾಯಿಯೂ ಟೊಮೆಟೊದ ಜೊತೆ ಸಮುದ್ರ ದಾಟಿ ಬಂದದ್ದೇ, ಇಟಲಿಗೂ ಭಾರತಕ್ಕೂ. ಇಟಲಿಯ ಪಾದದ ತುದಿಯ ಕಲಾಬ್ರಿಯಾದವರು ಅದನ್ನು ನಮ್ಮಷ್ಟೇ ಪ್ರೀತಿಯಿಂದ ತಿನ್ನುತ್ತಾರೆ. ಅವರ ಎಂದೂಯಾ ಬ್ರೆಡ್ಡಿಗೆ ಬೆಣ್ಣೆಯ ಹಾಗೆ ಸವರುವ, ಕೆಂಡದಂಥ ಖಾರದ ಹಂದಿ ಮಾಂಸ. ಅಲ್ಲಿಯ ವೈನಾದ ಚಿರೊ ಅದರ ಜೊತೆ ನಿಲ್ಲುತ್ತದೆ ಎಂದು ಅವರ ವಾದ. ಎಂದೂಯಾದಲ್ಲಿನ ಕೊಬ್ಬು ನಿಲ್ಲಿಸುತ್ತದೆ ಎಂದು ನನ್ನ ಅನುಮಾನ. ಬಾಯಿಯ ನರಗಳಲ್ಲಿ ಸುಡುವಿಕೆಯನ್ನು ಗುರುತಿಸುವ ಒಂದು ಗ್ರಾಹಕವಿದೆ. ಮೆಣಸಿನ ಕ್ಯಾಪ್ಸೈಸಿನ್ ಎಬ್ಬಿಸುವುದು ಅದನ್ನೇ, ಅದಕ್ಕೇ ಖಾರವನ್ನು ನಾವು ಉರಿ ಎನ್ನುವುದು. ಸಾಮಾನ್ಯವಾಗಿ ಅದು ಎಚ್ಚರಗೊಳ್ಳುವುದು ಸುಮಾರು 42 ಡಿಗ್ರಿ ಶಾಖಕ್ಕೆ. ಮದ್ಯ ತಗುಲಿದರೆ ಆ ಗಡಿ ಸುಮಾರು 34 ಡಿಗ್ರಿಗೆ ಇಳಿಯುತ್ತದೆಂದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಮ್ಮ ಮೈಯ ಶಾಖವೇ 37. ಖಾರಕ್ಕೆ ವೈನ್ ಕುಡಿಯುವುದೆಂದರೆ ಒಲೆಗೆ ಇನ್ನೊಂದು ಸೌದೆ ಇಟ್ಟ ಹಾಗೆ. ಒಗರೂ ಸೇರಿದರೆ ಉರಿದ ನಾಲಗೆಯನ್ನು ಮರಳು ಕಾಗದದಲ್ಲಿ ತಿಕ್ಕಿದಂತೆ.

ಆದ್ದರಿಂದ ಕೋಳಿ ಸಾರು, ಮುದ್ದೆಯ ಎದುರು ಬರೋಲೊ ಇಟ್ಟು ಫೋಟೊ ತೆಗೆಸುವವರನ್ನು ಕಂಡರೆ ನನಗೆ ಎರಡೂ ಕಡೆಯ ಅಡುಗೆಯವರ ಬಗ್ಗೆ ಕನಿಕರ. ನಮ್ಮ ಊಟಕ್ಕೆ ಒಗರು ಕಡಿಮೆ, ಮದ್ಯ ಕಡಿಮೆ, ಹುಳಿ ಚುರುಕಾದವು ಬೇಕು: ಲಾಂಬ್ರುಸ್ಕೊ, ಬಾರ್ಬೆರಾ, ಅಮರೋನೆಯ ಬಡ ತಮ್ಮನಾದ ಸಾದಾ ವಾಲ್ಪೊಲಿಚೆಲ್ಲಾ. ಕೆಂಪು ವೈನನ್ನು ಕೋಣೆಯ ಶಾಖದಲ್ಲಿ ಕೊಡಬೇಕೆಂಬ ಮಾತಿನ ಕೋಣೆ ಯುರೋಪಿನ ಕಲ್ಲುಮನೆಯದು, 16ರಿಂದ 18 ಡಿಗ್ರಿ. ಏಪ್ರಿಲ್ ತಿಂಗಳ ಬೆಂಗಳೂರಿನ ಮೂರನೇ ಮಹಡಿಯದಲ್ಲ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಯಾವ ಕೆಂಪು ವೈನೂ ಬೇಜಾರು ಮಾಡಿಕೊಳ್ಳುವುದಿಲ್ಲ. ತೀರಾ ತಣ್ಣಗಾದರೆ ಒಗರು ಎದ್ದುಬರುತ್ತದೆ ಎಂಬುದಷ್ಟೇ ಎಚ್ಚರ.

ಸಾಂಜೊವೇಸೆಗಾಗಿ ಈಗ ಇಟಲಿಗೇ ಹೋಗಬೇಕಿಲ್ಲ. ವಿಜಯಪುರದ ಗಡಿಗಂಟಿದ ಸೊಲ್ಲಾಪುರ ಜಿಲ್ಲೆಯ ಅಕ್ಲೂಜಿನಲ್ಲಿ ಇಟಲಿಯ ಮತ್ತು ಭಾರತದ ಅಣ್ಣತಮ್ಮಂದಿರು ಕೂಡಿ ನೆಟ್ಟ ಫ್ರಾತೆಲ್ಲಿ ತೋಟದಲ್ಲಿ ಅದು ಬೆಳೆಯುತ್ತದೆ. ಫ್ರಾತೆಲ್ಲಿ ಎಂದರೆ ಸಹೋದರರು. ಹಂಪಿಯ ಬೆಟ್ಟಗಳ ಕಡೆಯ ಕೃಷ್ಮಾ ತೋಟದಲ್ಲೂ ಬೆಳೆದಿದ್ದಾರೆ. ತಸ್ಕನಿಯಲ್ಲಿ ಶರತ್ಕಾಲದ ಬೆಳೆ, ದಖ್ಖನಿನಲ್ಲಿ ಬೇಸಿಗೆ ಕಾಲಿಡುವ ಮುಂಚಿನ ಬೆಳೆ. ನಮ್ಮ ಬಿಸಿಲಿಗೆ ಹುಳಿ ಸ್ವಲ್ಪ ಕರಗುತ್ತದೆ, ಹಣ್ಣು ಮುಂದೆ ಬರುತ್ತದೆ.

ಅಂಥದೊಂದು ದಖ್ಖನಿ ಸಾಂಜೊವೇಸೆಯನ್ನು ಕಳೆದ ವರ್ಷ ಧಾರವಾಡದ ಗೆಳೆಯನ ಮನೆಗೆ ಒಯ್ದಿದ್ದೆ. ಬದನೆ ಎಣ್ಣೆಗಾಯಿ, ಜೋಳದ ರೊಟ್ಟಿ, ಗುರೆಳ್ಳು ಚಟ್ನಿ. ಲೆಕ್ಕ ಸರಿಯಾಗಿಯೇ ಇತ್ತು: ಎಣ್ಣೆಗಾಯಿಯ ಹುಣಸೆಗೆ ವೈನಿನ ಹುಳಿ, ಒಗರಿಗೆ ಶೇಂಗಾದ ಜಿಡ್ಡು, ಉಪ್ಪು ಬೇಕಾದಷ್ಟು. ಮೊದಲ ರೊಟ್ಟಿ ಮುಗಿಯುವವರೆಗೆ ಎಲ್ಲ ನಾನು ಹೇಳಿದಂತೆಯೇ ನಡೆಯಿತು, ಗೆಳೆಯ ತಲೆದೂಗಿದ. ಎರಡನೆಯ ರೊಟ್ಟಿಯ ಜೊತೆ ಅವನ ತಾಯಿ ತಟ್ಟೆಯ ಅಂಚಿಗೆ ಕೆಂಪು ಮೆಣಸಿನ ಚಟ್ನಿ ಹಾಕಿದರು. ನಾನು ಗ್ಲಾಸು ಕೆಳಗಿಟ್ಟದ್ದು ಅವರಿಗೆ ಕಂಡಿತು.

“ಖಾರ ಆತೇನ್ರೀ? ತಡೀರಿ, ಮಜ್ಜಿಗಿ ತರ್ತೀನಿ.”

ಅವರು ತಂದಿಟ್ಟ ಲೋಟದಲ್ಲಿ ಕೇಸಿನ್ ಇತ್ತು, ಉಪ್ಪಿತ್ತು, ಹುಳಿಯಿತ್ತು. ಬಾಟಲಿ ಫ್ರಿಜ್ಜಿಗೆ ಹೋಯಿತು.